ಆರು ಪೆನ್ನಿ ಪುಸ್ತಕ, ನಾಲ್ಕು ರಟ್ಟಿನ ಪೆಟ್ಟಿಗೆ

ನಮ್ಮ 'ತಾತನ ಮನೆ' ಗುಂಪಿಗೆ ನಿನ್ನೆ ಬೆಳಗ್ಗೆ ಆರಕ್ಕೇ ಫಾರ್ವರ್ಡ್ ಬಂತು. ಗುಲಾಬಿ ಹೂವಿನ ಚಿತ್ರದ ಬೆನ್ನಿಗೇ.

ದೊಡ್ಡಪ್ಪ: ನಿಮಗೆ ಗೊತ್ತೇ? ಪೆಂಗ್ವಿನ್ ಪುಸ್ತಕ ಶುರು ಮಾಡಿದ್ದು ನಮ್ಮ ವಿ.ಕೆ. ಕೃಷ್ಣ ಮೆನನ್! ಜಗತ್ತಿಗೆ ಅಗ್ಗದ ಪುಸ್ತಕ ಕೊಟ್ಟವರು ಭಾರತೀಯರು!! ಹತ್ತು ಜನಕ್ಕೆ ಕಳಿಸಿ.

ಇಬ್ಬರು ಕೈ ಮುಗಿದರು. ಓದಿದರೋ ಇಲ್ಲವೋ, ದೇವರಿಗೇ ಗೊತ್ತು.

ರಘು: ದೊಡ್ಡಪ್ಪ, ಇದು ಎಲ್ಲಿಂದ ಸಿಕ್ಕಿತು? ಪೆಂಗ್ವಿನ್ ಪ್ರಕಾಶನ ಶುರು ಮಾಡಿದ್ದು ಇಂಗ್ಲೆಂಡಿನ ಅಲೆನ್ ಲೇನ್, 1935ರ ಜುಲೈನಲ್ಲಿ. ಮೊದಲು ಹತ್ತು ಪುಸ್ತಕ, ಒಂದಕ್ಕೆ ಆರು ಪೆನ್ನಿ, ಅಂದ್ರೆ ಹತ್ತು ಸಿಗರೇಟಿನ ಪ್ಯಾಕಿನ ಬೆಲೆ. ಅಷ್ಟು ಕಡಿಮೆಗೆ ಮಾರಿದರೆ ಗಿಟ್ಟೋದಿಲ್ಲ ಅಂತ ಅಂಗಡಿಯವರೇ ಹಿಂಜರಿದರು, ಆಮೇಲೆ ವುಲ್‌ವರ್ತ್ ಅಂಗಡಿಯವರು ಒಂದೇ ಸಲ 63,500 ಪ್ರತಿ ತಗೊಂಡ ಮೇಲೆ ಲೇನ್ ಉಸಿರುಬಿಟ್ಟದ್ದು. ಮೆನನ್ ಸಂಪಾದಕರಾಗಿದ್ದು 1937ರಲ್ಲಿ ಪೆಂಗ್ವಿನ್‌ನವರೇ ತಂದ ಪೆಲಿಕನ್, ಅಂದ್ರೆ ಹೆಜ್ಜಾರ್ಲೆ ಹಕ್ಕಿ ಗುರುತಿನ ಮಾಲೆಗೆ. ಅರ್ಥಶಾಸ್ತ್ರ, ವಿಜ್ಞಾನ ಇಂಥವು. ಲೇನ್ ಜೊತೆ ಜಗಳವಾಗಿ ಅದನ್ನೂ ಬಿಟ್ಟರು.

ದೊಡ್ಡಪ್ಪ: ಇದ್ದರು ಅಂತ ನೀನೇ ಒಪ್ಪಿದೆಯಲ್ಲ.

ರಘು: ಅಡುಗೆ ಭಟ್ಟರೇ ಛತ್ರ ಕಟ್ಟಿಸಿದರು ಅಂದ ಹಾಗಾಯ್ತು. ಅಗ್ಗದ ಪುಸ್ತಕದಲ್ಲಿ ಲೇನ್ ಕೂಡ ಮೊದಲಿಗನಲ್ಲ. ಜರ್ಮನಿಯಲ್ಲಿ ರೆಕ್ಲಾಮ್ ಪ್ರಕಾಶನದವರು 1867ರಲ್ಲೇ ಚಿಲ್ಲರೆ ಕಾಸಿಗೆ ಮಹಾಕವಿ ಗಯಟೆಯ ಪುಸ್ತಕ ಮಾರಿದ್ದರು.

ದೊಡ್ಡಪ್ಪ: ಹಿರಿಯರಿಗೆ ಎದುರಾಡೋದನ್ನೂ ಪುಸ್ತಕದಲ್ಲೇ ಕಲಿತೆಯಾ? ನಮ್ಮ ಕಾಲದಲ್ಲಿ ಕಾದಂಬರಿಕಾರ ಗಲಗನಾಥರು ತಮ್ಮ ಪುಸ್ತಕ ಹೊತ್ತು ಊರೂರು ಅಲೆದು ಮಾರಿದರು. ಅದಕ್ಕಿತ್ತು ಬೆಲೆ.

ರಘು: ಅವರು ತೀರಿಕೊಂಡದ್ದು 1942ರಲ್ಲಿ. ನೀವು ಆಗ ಹುಟ್ಟಿರಲಿಲ್ಲ.

ವಾಣಿ ಅಕ್ಕ: ಅಯ್ಯೋ, ತಾತನ ಕಪಾಟು ನೆನಪಾಯ್ತು! ಕಿತ್ತಳೆ ಪಟ್ಟೆ ಅಂದ್ರೆ ಕಾದಂಬರಿ, ಹಸಿರು ಅಂದ್ರೆ ಪತ್ತೇದಾರಿ. ನನಗೆ ಇಂಗ್ಲಿಷ್ ಬರ್ತಿರಲಿಲ್ಲ, ಬಣ್ಣ ನೋಡಿ ಜೋಡಿಸಿಡ್ತಿದ್ದೆ. ಬೆನ್ನಿನ ಗೋಂದು ಒಣಗಿ ಹಾಳೆ ಉದುರಿದರೆ ಅಜ್ಜಿ ಮೈದಾ ಅಂಟು ಕಾಯಿಸಿ ಹಚ್ಚೋರು. ಅದೇ ಒಲೆ ಮೇಲೆ ಹಲಸಿನ ಹಪ್ಪಳ ಸುಡೋರು. ಆ ಹಪ್ಪಳ ಈಗ ಯಾರಿಗಾದ್ರೂ ಬರುತ್ತಾ?

ಅತ್ತೆ: ಹಪ್ಪಳ ಆಮೇಲೆ. ಅಪ್ಪನ ಪುಸ್ತಕ ಈಗ ಎಲ್ಲಿವೆ ಅಂತ ಅಣ್ಣನ್ನ ಕೇಳು.

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ತೋರಿಸಿತು. ನಿಂತಿತು. ಮತ್ತೆ ತೋರಿಸಿತು.

ಅತ್ತೆ: ಸುಣ್ಣ ಹೊಡೆಸೋ ನೆಪದಲ್ಲಿ ನಾಲ್ಕು ಪೆಟ್ಟಿಗೆ ರದ್ದಿಯವನಿಗೆ ತೂಕಕ್ಕೆ ಹಾಕಿದಿರಿ. ನನಗೆ ಒಂದು ಮಾತು ಹೇಳಲಿಲ್ಲ.

ದೊಡ್ಡಪ್ಪ: ಗೆದ್ದಲು ಹಿಡಿದಿತ್ತು.

ಅತ್ತೆ: ಒಂದು ಪೆಟ್ಟಿಗೆಗೆ.

ಅಷ್ಟರಲ್ಲಿ ಯಾರೋ ಹುಟ್ಟುಹಬ್ಬದ ಕೇಕ್ ಹಾಕಿದರು. ಯಾರ ಹುಟ್ಟುಹಬ್ಬ ಅಂತ ಯಾರೂ ಕೇಳಲಿಲ್ಲ.

ವಾಣಿ ಅಕ್ಕ: ಒಂದು ಪುಸ್ತಕ ನನ್ನ ಹತ್ತಿರ ಉಳಿದಿದೆ. ತಿಳಿ ನೀಲಿ ಬಣ್ಣದ್ದು. ಇದರ ಮೇಲೆ ಪೆಂಗ್ವಿನ್ ಇಲ್ಲ, ಬೇರೆ ಯಾವುದೋ ಹಕ್ಕಿ ಇದೆ, ಉದ್ದ ಕೊಕ್ಕಿನದು.

ರಘು: ಅಕ್ಕಾ, ಒಂದು ಫೋಟೊ ಹಾಕು!

ದೊಡ್ಡಪ್ಪ: ಅದು ನನ್ನದು. ವಾಪಸ್ ಕಳಿಸು. ಕೊರಿಯರ್ ಖರ್ಚು ನಿನ್ನದೇ.