ಸಹಾಯ ಬೇಕು: ಇಂಜುನ್-3 ಉಪಗ್ರಹ ಹಿಡಿದ ಸಿಳ್ಳೆಗಳ ಧ್ವನಿಮುದ್ರಣ

ಎಲ್ಲರಿಗೂ ನಮಸ್ಕಾರ. 1962ರ ಡಿಸೆಂಬರ್‌ನಲ್ಲಿ ಕಕ್ಷೆಗೇರಿದ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಇಂಜುನ್-3 ಉಪಗ್ರಹವು ಹಿಡಿದ ಅತಿ ಕಡಿಮೆ ಆವರ್ತನದ ರೇಡಿಯೊ ಸದ್ದುಗಳನ್ನು ನನ್ನ ಪ್ರೌಢಶಾಲೆಯ ಮಕ್ಕಳಿಗೆ ಕೇಳಿಸಬೇಕೆಂಬುದು ಬಹುದಿನದ ಆಸೆ. ಮಿಂಚಿನಿಂದ ಹುಟ್ಟಿದ ಅಲೆಯು ಭೂಮಿಯ ಕಾಂತಬಲರೇಖೆಯ ಗುಂಟ ಸಾಗುವಾಗ ಹೆಚ್ಚಿನ ಆವರ್ತನದ ಭಾಗ ಮೊದಲು, ಕಡಿಮೆಯದು ಆಮೇಲೆ ತಲುಪುವುದರಿಂದ, ಸ್ಪೀಕರಿನಲ್ಲಿ ಅದು ‘ಸುಂಯ್’ ಎಂದು ಮೇಲಿನಿಂದ ಕೆಳಕ್ಕೆ ಜಾರುವ ಸಿಳ್ಳೆಯಾಗಿ ಕೇಳುತ್ತದೆ. ನಸುಕಿನ ಹಕ್ಕಿಗಳ ಚಿಲಿಪಿಲಿಯಂತಿರುವ ‘ಕೋರಸ್’ ಎಂಬ ಇನ್ನೊಂದು ಬಗೆಯ ರೇಡಿಯೊ ಸದ್ದು ನನಗೆ ಇನ್ನೂ ಸೊಗಸು. ನನ್ನಲ್ಲಿರುವ ಪ್ರತಿಯಲ್ಲಿ ಗೊರಗೊರ ಸದ್ದೇ ಹೆಚ್ಚಾಗಿ, ಸಿಳ್ಳೆಯ ಬಾಲ ಕೇಳಿಸುವುದೇ ಇಲ್ಲ. ಈ ಉಪಗ್ರಹದ್ದಾಗಲಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಉಡಾವಣೆಗೊಂಡ ಕೆನಡಾದ ಅಲುಯೆಟ್-1ರದ್ದಾಗಲಿ ಸ್ಪಷ್ಟವಾದ ಮುದ್ರಣ ಯಾರಲ್ಲಾದರೂ ಇದ್ದರೆ, ಅಥವಾ ಗೊರಗೊರವನ್ನು ತಗ್ಗಿಸಿ ಸಿಳ್ಳೆಯನ್ನು ಉಳಿಸುವ ವಿಧಾನ ತಿಳಿದಿದ್ದರೆ, ದಯವಿಟ್ಟು ತಿಳಿಸಿ. ದಾಖಲಾದ ದಿನಾಂಕ ಗೊತ್ತಿದ್ದಲ್ಲಿ ಅದನ್ನೂ ಬರೆಯಬೇಕಾಗಿ ವಿನಂತಿ.