ಹಳೇ ಟ್ಯೂಬ್ ಆಂಪ್ ಚಟಪಟ ಅಂತಿದೆ, ಯಾವ ರೆಸಿಸ್ಟರ್ ಹಾಕಲಿ?

ಆರನೇ_ತಂತಿ:
ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ಹಳೇ ಟ್ಯೂಬ್ ಗಿಟಾರ್ ಆಂಪ್. ಆನ್ ಮಾಡಿದ ಮೇಲೆ ಐದು ನಿಮಿಷ ಸುಮ್ಮನಿರುತ್ತದೆ. ಆಮೇಲೆ ಹಸಿ ಕಟ್ಟಿಗೆಗೆ ಬೆಂಕಿ ಹಚ್ಚಿದ ಹಾಗೆ ಚಟಪಟ. ಸೌಂಡೂ ಡಲ್ ಆಗಿದೆ. ಒಳಗೆಲ್ಲ ಕಂದು ಬಣ್ಣದ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್‌ಗಳು. ಬದಲಿಗೆ ಅದನ್ನೇ ಹಾಕಬೇಕಾ, ಮೆಟಲ್ ಫಿಲ್ಮ್ ಆಗುತ್ತಾ? ಎಷ್ಟು ವ್ಯಾಟ್? ಬೇಗ ಹೇಳಿ, ನುಡಿಸೋಕೆ ಬೇರೆ ಆಂಪ್ ಇಲ್ಲ.

ಬೆಸುಗೆಬಾಬು:
ಪವರ್ ಸಪ್ಲೈ ಶುದ್ಧ ಮಾಡೋ ಫಿಲ್ಟರ್ ಕೆಪಾಸಿಟರ್. ಕಣ್ಣು ಮುಚ್ಚಿಕೊಂಡು ಬದಲಿಸಿ.

ಓಮ್_ಶಾಂತಿ:
ಯಾವ ಆಂಪ್, ಯಾವ ಚಾನೆಲ್? ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಚಟಪಟ ಇರುತ್ತದಾ? ಇಷ್ಟೂ ಹೇಳದೆ ಔಷಧಿ ಕೇಳಿದರೆ ಹೇಗೆ ಸರ್.

ಆರನೇ_ತಂತಿ:
ಫೆಂಡರ್ ಕಂಪನಿಯ ಎಬಿ763 ಸರ್ಕ್ಯೂಟ್, ಎರಡು 6ವಿ6 ಪವರ್ ಟ್ಯೂಬ್. ಅದು ಗೊತ್ತಾಗುತ್ತೆ ಅಂದುಕೊಂಡಿದ್ದೆ. ವೈಬ್ರೇಟೊ ಚಾನೆಲ್. ವಾಲ್ಯೂಮ್ ಸೊನ್ನೆ ಮಾಡಿದರೂ ಸದ್ದು ಇದ್ದೇ ಇರುತ್ತದೆ.

ಬೆಸುಗೆಬಾಬು:
ನೋಡಿದ್ರಾ? ವಾಲ್ಯೂಮ್‌ಗೆ ಬಗ್ಗಲ್ಲ ಅಂದರೆ ಪವರ್ ಸಪ್ಲೈ. ಕೆಪಾಸಿಟರ್ ಬದಲಿಸಿ.

ಓಮ್_ಶಾಂತಿ:
ಬಾಬು ಸರ್, ಫಿಲ್ಟರ್ ಕೆಪಾಸಿಟರ್ ಸೋತರೆ ಸಾಮಾನ್ಯವಾಗಿ ಗುಂಯ್ ಅನ್ನುತ್ತದೆ. ಇವರಿಗೆ ಬರುತ್ತಿರೋದು ಚಟಪಟ. ವಾಲ್ಯೂಮ್ ಪಾಟ್ (ತಿರುಗಿಸೋ ಗುಬ್ಬಿ) ಆದಮೇಲೂ ಸಿಗ್ನಲ್ ಹಿಗ್ಗಿಸೋ ಎರಡು ಮೂರು ಸ್ಟೇಜ್ ಇವೆ ಅಲ್ವಾ? ಸದ್ದು ಅಲ್ಲಿಂದಲೂ ಬರಬಹುದು.

ಆರನೇ ತಂತಿಯವರೇ, ಹಳೇ ಕಾರ್ಬನ್ ಕಾಂಪ್‌ಗಳು ಬಿಸಿ ತಿಂದು, ತೇವ ಕುಡಿದು ವ್ಯಾಲ್ಯೂ ಏರಿಸಿಕೊಳ್ಳುತ್ತವೆ. ಗದ್ದಲ ಮಾಡೋದು ಅವುಗಳ ಮೇಲೆ ಡಿಸಿ ವೋಲ್ಟೇಜ್ ಬಿದ್ದಾಗ. ಹಾಗಾಗಿ ಮೊದಲ ಅನುಮಾನ ಸಿಗ್ನಲ್ ಹಿಗ್ಗಿಸೋ 12ಎಎಕ್ಸ್7 ಟ್ಯೂಬ್‌ಗಳ ಪ್ಲೇಟ್ ಅನ್ನೋ ಔಟ್‌ಪುಟ್ ಕಾಲಿಗೆ ವೋಲ್ಟೇಜ್ ಒಯ್ಯೋ 100ಕೆ (ಒಂದು ಲಕ್ಷ ಓಮ್) ಪ್ಲೇಟ್ ರೆಸಿಸ್ಟರ್‌ಗಳ ಮೇಲೆ. ಆಂಪ್ ಆಫ್ ಮಾಡಿ, ವಿ1 (ಮೊದಲನೇ ಟ್ಯೂಬ್) ಕಿತ್ತು, ಮತ್ತೆ ಆನ್ ಮಾಡಿ ಕೇಳಿ. ಆಮೇಲೆ ವಿ2, ವಿ4. ಯಾವುದನ್ನು ಕಿತ್ತಾಗ ಸದ್ದು ನಿಲ್ಲುತ್ತದೋ ಅಲ್ಲಿ ಹುಡುಕಿ.

ಹಳೇಕಾಲದ_ಸೌಂಡ್:
ದಯವಿಟ್ಟು ಮೆಟಲ್ ಫಿಲ್ಮ್ ಹಾಕಿ ಆ ಆಂಪ್‌ನ ಜೀವ ತೆಗೆಯಬೇಡಿ. ಕಾರ್ಬನ್ ಕಾಂಪ್‌ನ ಬೆಚ್ಚಗಿನ ಸೌಂಡೇ ಬೇರೆ. ನನ್ನ ಹತ್ತಿರ ಇಂಥವು ಮೂರು ಆಂಪ್ ಇವೆ. ಒಂದರಲ್ಲೂ ಮೆಟಲ್ ಫಿಲ್ಮ್ ಇಲ್ಲ. ಒಂದು ಡಬ್ಬಿ ತುಂಬ ಬಳಸದ ಹಳೇ ಸ್ಟಾಕೂ ಇದೆ.

ಓಮ್_ಶಾಂತಿ:
ಆ ಡಬ್ಬಿಯನ್ನು ಒಮ್ಮೆ ಅಳೆದು ನೋಡಿ. ಕೂತಲ್ಲೇ ವ್ಯಾಲ್ಯೂ ಏರಿರುತ್ತವೆ. ನೀವು ಹೇಳೋ ಬೆಚ್ಚಗಿನ ಸೌಂಡ್ ಪೂರ್ತಿ ಸುಳ್ಳಲ್ಲ. ಕಾರ್ಬನ್ ಕಾಂಪ್‌ನ ವ್ಯಾಲ್ಯೂ ವೋಲ್ಟೇಜ್ ಜೊತೆ ಸ್ವಲ್ಪ ಕುಣಿಯುತ್ತದೆ, ಅದರಿಂದ ಚೂರು ಡಿಸ್ಟಾರ್ಷನ್ ಬರುತ್ತದೆ. ಆದರೆ ಸಿಗ್ನಲ್ ದೊಡ್ಡದಿರೋ ಕಡೆ, ಅಂದರೆ ಪವರ್ ಟ್ಯೂಬ್‌ಗಳಿಗೆ ಸಿಗ್ನಲ್ ಕೊಡೋ ಫೇಸ್ ಇನ್ವರ್ಟರ್ ಪ್ಲೇಟ್‌ನಲ್ಲಿ ಹಾಕಿದರೆ ಮಾತ್ರ. ಇನ್‌ಪುಟ್‌ನ 68ಕೆ ಜಾಗದಲ್ಲಿ ಹಾಕಿ ಬೆಚ್ಚಗಾಯ್ತು ಅಂದರೆ ಅದು ಬರೀ ಮನಸ್ಸಿನ ಬಿಸಿ.

ಹಳೇಕಾಲದ_ಸೌಂಡ್:
ಕಿವಿ ಇದ್ದವರಿಗೆ ಗೊತ್ತಾಗುತ್ತದೆ. ಮೀಟರ್ ಹಿಡಿದು ಕೂತವರಿಗಲ್ಲ.

ಬೆಸುಗೆಬಾಬು:
ಇಬ್ಬರೂ ಜಗಳ ಆಡಿ. ಅಷ್ಟರಲ್ಲಿ ಅವರ ಕೆಪಾಸಿಟರ್ ಸಿಡಿಯುತ್ತದೆ.

ಆರನೇ_ತಂತಿ:
ವಿ1 ಕಿತ್ತೆ, ಸದ್ದು ಹಾಗೇ ಇದೆ. ವಿ2 ಕಿತ್ತೆ, ಹಾಗೇ ಇದೆ. ವಿ4 ಕಿತ್ತ ಕೂಡಲೇ ನಿಶ್ಶಬ್ದ! ವಿ1ರ ಟ್ಯೂಬನ್ನು ವಿ4ಕ್ಕೆ ಹಾಕಿದೆ, ಮತ್ತೆ ಚಟಪಟ. ಹಾಗಾದರೆ ಟ್ಯೂಬ್ ತಪ್ಪಲ್ಲ. ಆದರೆ ಡಲ್ ಸೌಂಡ್ ಯಾಕೆ? ವಿ2ರ ರೆಸಿಸ್ಟರನ್ನು ಹೋದ ವಾರವೇ ಹೊಸದು ಹಾಕಿದ್ದೆ.

ಓಮ್_ಶಾಂತಿ:
ಇದನ್ನು ಈಗ ಹೇಳ್ತೀರಾ ಮಾರಾಯ್ರೆ! ಯಾವ ರೆಸಿಸ್ಟರ್? ಒಂದು ಟ್ಯೂಬಿನೊಳಗೆ ಎರಡು ಸ್ಟೇಜ್ ಇರುತ್ತವೆ, ಹಾಗಾಗಿ ವಿ2ರ ಎರಡೂ ಪ್ಲೇಟ್ ವೋಲ್ಟೇಜ್, ಜೊತೆಗೆ ಸಪ್ಲೈ ವೋಲ್ಟೇಜ್ ಅಳೆದು ಹಾಕಿ. ಮೀಟರಿನ ಕಪ್ಪು ತಂತಿ ಚಾಸಿಗೆ (ಲೋಹದ ಚೌಕಟ್ಟಿಗೆ) ಸಿಕ್ಕಿಸಿ, ಒಂದು ಕೈ ಜೇಬಿನಲ್ಲಿರಲಿ. ಆಫ್ ಮಾಡಿದ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಉಳಿದಿರಬಹುದು. ಬೆಸುಗೆ ಹಾಕೋ ಮೊದಲು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಅಳೆದು, ಆಮೇಲೆ ಮುಟ್ಟಿ.

ಆರನೇ_ತಂತಿ:
ಸಪ್ಲೈ 264. ಒಂದು ಪ್ಲೇಟ್ 178. ನಾನು ಬದಲಿಸಿದ ಕಡೆ 251. ಹಾಕಿದ್ದು 100ಕೆ, ನೀಲಿ ಮೈಯ ಮೆಟಲ್ ಫಿಲ್ಮ್, ಕಾಲು ವ್ಯಾಟ್. ಕಂದು-ಕಪ್ಪು-ಕಪ್ಪು-ಕೆಂಪು-ಕಂದು.

ಓಮ್_ಶಾಂತಿ:
ಸಿಕ್ಕಿತು. ಐದು ಪಟ್ಟೆಯದರಲ್ಲಿ ನಾಲ್ಕನೆಯದು ಗುಣಕ. ಕೆಂಪು ಇದ್ದರೆ 10ಕೆ, ಕಿತ್ತಳೆ ಇದ್ದರೆ 100ಕೆ. ನೀಲಿ ಮೈ ಮೇಲೆ ಕೆಂಪೂ ಕಿತ್ತಳೆಯೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ನಾನೂ ಏಮಾರಿದ್ದೇನೆ. ಪಕ್ಕದ ಸ್ಟೇಜ್‌ನಲ್ಲಿ 86 ವೋಲ್ಟ್ ಬೀಳುತ್ತಿದೆ, ನಿಮ್ಮದರಲ್ಲಿ ಬರೀ 13. ಆ ಸ್ಟೇಜ್‌ನ ಗೇನ್, ಅಂದರೆ ಸಿಗ್ನಲ್ ಹಿಗ್ಗಿಸೋ ಶಕ್ತಿ, ಸುಮಾರು ಕಾಲು ಭಾಗಕ್ಕೆ ಇಳಿದಿದೆ. ಡಲ್ ಆಗದೆ ಇನ್ನೇನು? ಹಾಕೋ ಮೊದಲು ಪ್ರತಿಯೊಂದನ್ನೂ ಮೀಟರಿನಲ್ಲಿ ಅಳೆಯಿರಿ, ಪಟ್ಟೆ ನಂಬಬೇಡಿ.

ಪ್ಲೇಟ್‌ಗೆ ಮೆಟಲ್ ಫಿಲ್ಮ್ ಸಾಕು, 1 ವ್ಯಾಟ್‌ನದು ಹಾಕಿ. 86 ವೋಲ್ಟ್‌ಗೆ ಅದರಲ್ಲಿ ಉರಿಯೋದು 0.1 ವ್ಯಾಟ್ ಕೂಡ ಇಲ್ಲ. ಆದರೆ ಕಾಲು ವ್ಯಾಟಿನವು ಸಾಮಾನ್ಯವಾಗಿ 250 ವೋಲ್ಟ್‌ಗಷ್ಟೇ ಮಾಡಿದವು. ಪ್ರಶ್ನೆ ಬಿಸಿಯದ್ದಲ್ಲ, ವೋಲ್ಟೇಜಿನದು. ಪವರ್ ಟ್ಯೂಬ್‌ಗಳ 470 ಓಮ್ ಸ್ಕ್ರೀನ್ ರೆಸಿಸ್ಟರ್ ಯಾವತ್ತಾದರೂ ಬದಲಿಸಿದರೆ ಬೆಂಕಿ ಹಿಡಿಯದ ಮೆಟಲ್ ಆಕ್ಸೈಡ್ ಹಾಕಿ, ಅಲ್ಲಿ ನಿಜವಾಗಿಯೂ ಬಿಸಿ ಇರುತ್ತದೆ.

ಹಳೇಕಾಲದ_ಸೌಂಡ್:
ಎಲ್ಲವನ್ನೂ ಬದಲಿಸಿಬಿಡಿ ಅಂತ ಯಾರೂ ಹೇಳದಿದ್ದರೆ ಸಾಕು.

ಓಮ್_ಶಾಂತಿ:
ಅದಕ್ಕೆ ನಾನೂ ಒಪ್ಪುತ್ತೇನೆ. ಸುಮ್ನೆ ಇರೋದನ್ನು ಕೆದಕಬೇಡಿ.

ಆರನೇ_ತಂತಿ:
ವಿ2ಕ್ಕೆ ಸರಿಯಾದ 100ಕೆ ಹಾಕಿದೆ, ಸೌಂಡ್ ವಾಪಸ್ ಬಂತು. ವಿ4ರ ಹಳೇ 100ಕೆ ಬಿಚ್ಚಿ ಅಳೆದರೆ 143ಕೆ! ಅದನ್ನೂ ಬದಲಿಸಿದೆ. ಎರಡು ಗಂಟೆ ನುಡಿಸಿದೆ, ಒಂದು ಚಟ್ ಕೂಡ ಇಲ್ಲ.

ಹಳೇಕಾಲದ_ಸೌಂಡ್:
ಆ 143ಕೆ ಎಸೆಯಬೇಡಿ, ನನಗೆ ಕಳಿಸಿ. ಡಬ್ಬಿ ಅಳೆದೆ. 100ಕೆ ಅಂತ ಬರೆದಿರೋದರಲ್ಲಿ ನಾಲ್ಕೇ ನಾಲ್ಕು ಸರಿ ಇವೆ. ಹಾಗಂತ ಸೌಂಡ್ ವಿಷಯದಲ್ಲಿ ಸೋತೆ ಅಂದುಕೊಳ್ಳಬೇಡಿ.

ಬೆಸುಗೆಬಾಬು:
ಎಲ್ಲ ಸರಿ. ಫಿಲ್ಟರ್ ಕೆಪಾಸಿಟರ್ ಯಾವಾಗ ಬದಲಿಸ್ತೀರಿ?