ಮಗಳ ಬಣ್ಣಕ್ಕೆ ಶಾಲೆಯಲ್ಲಿ ಮಾತು: ಊರಿಗೆ ವಾಪಸ್ ಬರುವುದಾ?

ಕಟಪಾಡಿ, ಈಗ ಲೆಸ್ಟರ್:
ಈ ಗುಂಪಿನ ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ಲೆಸ್ಟರಿನಲ್ಲಿ. ಮಗಳಿಗೆ ಎಂಟು ವರ್ಷ. ಶಾಲೆಯಲ್ಲಿ ಇಬ್ಬರು ಹುಡುಗಿಯರು "ನಿನ್ನ ಕೈ ಕೊಳಕು, ನಮ್ಮ ಬೆಂಚು ಮುಟ್ಟಬೇಡ" ಅಂತ ಹೇಳ್ತಾ ಇದ್ದಾರೆ. ಅವಳಾಗಿ ಏನೂ ಬಾಯಿ ಬಿಟ್ಟಿರಲಿಲ್ಲ. ಸೆಖೆಯಲ್ಲೂ ಉದ್ದ ತೋಳಿನ ಸ್ವೆಟರ್ ತೆಗೆಯದೆ ಇದ್ದದ್ದಕ್ಕೆ ಕೂರಿಸಿ ಕೇಳಿದಾಗ ಗೊತ್ತಾದದ್ದು. ಕ್ಲಾಸ್ ಟೀಚರಿಗೆ ಹೇಳಿದೆ. "ಸಣ್ಣ ಮಕ್ಕಳು, ಅರ್ಥ ಆಗದೆ ಹೇಳಿರ್ತಾರೆ, ನಾನು ನೋಡಿಕೊಳ್ತೇನೆ" ಅಂದರು. ಆಮೇಲೂ ನಿಂತಿಲ್ಲ.

ಅದೇ ವಾರ ಉಡುಪಿಯಿಂದ ಅಜ್ಜಿ ವಿಡಿಯೋ ಕಾಲ್ ಮಾಡಿದಾಗ, "ಮಗು ಕಪ್ಪಾಗಿದೆ, ಕಡ್ಲೆಹಿಟ್ಟಿಗೆ ಹಾಲಿನ ಕೆನೆ ಕಲಸಿ ಹಚ್ಚು" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಫೋನ್ ಇಟ್ಟ ಮೇಲೆ ಮಗಳು, "ಅಜ್ಜಿಗೂ ನನ್ನ ಬಣ್ಣ ಇಷ್ಟ ಇಲ್ವಾ?" ಅಂತ ಕೇಳಿದಳು. ಎರಡು ಪ್ರಶ್ನೆ. ಶಾಲೆಗೆ ಹೇಗೆ ದೂರು ಕೊಡಬೇಕು? ಯಜಮಾನರಿಗೆ ಮಣಿಪಾಲದಲ್ಲಿ ಕೆಲಸದ ಅವಕಾಶ ಉಂಟು. ಮಕ್ಕಳಿಗೋಸ್ಕರ ಜೂನಿಗೆ ಬಂದುಬಿಡುವುದು ಒಳ್ಳೆಯದಾ?

ಸುರತ್ಕಲ್, ಈಗ ದುಬೈ:
ಬೇಜಾರು ಮಾಡ್ಕೊಬೇಡಿ ಅಕ್ಕ. ಮಗಳು ಲೆಕ್ಕದಲ್ಲಿ, ಇಂಗ್ಲಿಷಿನಲ್ಲಿ ಕ್ಲಾಸಿಗೆ ಫಸ್ಟ್ ಬರಲಿ. ಮಾರ್ಕಿನ ಎದುರು ಯಾರೂ ಬಾಯಿ ಬಿಡುವುದಿಲ್ಲ. ನನ್ನ ಇಬ್ಬರು ಗಂಡುಮಕ್ಕಳೂ ಹಾಗೇ ಬೆಳೆದವರು, ದೊಡ್ಡವನು ಈಗ ಪೈಲಟ್.

ಪುತ್ತೂರು, ಈಗ ಬರ್ಮಿಂಗ್‌ಹ್ಯಾಮ್:
ನಾನು ಇಲ್ಲಿ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುವವಳು. ಬಾಯಿಮಾತಿನ ದೂರು ಬಾಯಲ್ಲೇ ಮುಗಿದುಹೋಗ್ತದೆ, ಹಾಗಾಗಿ ಬರವಣಿಗೆಯಲ್ಲಿ ಕೊಡಿ. ತಾರೀಕು, ಜಾಗ, ಆಡಿದ ಮಾತು ಇದ್ದ ಹಾಗೆ, ಯಾರು ಕೇಳಿಸಿಕೊಂಡರು, ಮಗಳು ಆ ದಿನ ಹೇಗಿದ್ದಳು, ಇಷ್ಟನ್ನು ಹೆಡ್‌ಟೀಚರಿಗೆ ಇಮೇಲ್ ಮಾಡಿ. "ತೊಂದರೆ ಕೊಡ್ತಾರೆ" ಅಂತ ಮೆತ್ತಗೆ ಬರೆಯಬೇಡಿ, ಜನಾಂಗೀಯ ನಿಂದನೆ ಅಂತ ನೇರ ಬರೆಯಿರಿ. ಇಲ್ಲಿಯ ಸಮಾನತೆಯ ಕಾನೂನು, 2010ರ ಈಕ್ವಾಲಿಟಿ ಆ್ಯಕ್ಟ್‌ನಲ್ಲಿ ಜನಾಂಗ ಎಂದರೆ ಚರ್ಮದ ಬಣ್ಣವೂ ಸೇರ್ತದೆ. ಶಾಲೆಯ ವರ್ತನಾ ನೀತಿ ಮತ್ತು ದೂರಿನ ಕ್ರಮ ಅವರ ವೆಬ್‌ಸೈಟಿನಲ್ಲೇ ಇರ್ತದೆ. ಯಾವ ಅಂಶ ಮುರಿದಿದೆ ಅಂತ ಅದನ್ನೇ ಎತ್ತಿ ತೋರಿಸಿ. ಹೆಡ್‌ಟೀಚರ್ ಏನೂ ಮಾಡದಿದ್ದರೆ ಗವರ್ನರ್‌ಗಳ ಹತ್ತಿರ, ಅಂದರೆ ಶಾಲೆಯ ಆಡಳಿತ ಮಂಡಳಿಯ ಹತ್ತಿರ ಹೋಗಿ. ಆ ಹುಡುಗಿಯರನ್ನು ಶಾಲೆಯಿಂದ ತೆಗೆಯಿರಿ ಅಂತ ಕೇಳುವುದು ಬೇಡ. ಊಟದ ಹೊತ್ತಿನಲ್ಲಿ ಯಾರು ನಿಗಾ ಇಡ್ತಾರೆ, ಆ ಮನೆಯವರ ಹತ್ತಿರ ಯಾರು ಮಾತಾಡ್ತಾರೆ, ನಿಮಗೆ ಯಾವಾಗ ಉತ್ತರ ಬರ್ತದೆ, ಇದನ್ನು ಕೇಳಿ.

ಕಾಪು, ಈಗ ಟೊರೊಂಟೊ:
ಇಮೇಲ್ ಖಂಡಿತ ಕಳಿಸಿ. ಆದರೆ "ನಮ್ಮನ್ನು ಮುಟ್ಟಬೇಡ" ಎನ್ನುವ ಮಾತು ನಮಗೆ ಲೆಸ್ಟರಿನಲ್ಲೇ ಮೊದಲು ಕೇಳಿದ್ದಾ? ಮುಟ್ಟಬಾರದವರು ಅಂತ ದೂರ ಇಟ್ಟಿದ್ದ ಕೊರಗ ಬುಡಕಟ್ಟಿನವರನ್ನು ನಮ್ಮ ಅಂಗಳದಲ್ಲೇ ಎಲ್ಲಿ ನಿಲ್ಲಿಸ್ತಿದ್ದರು? ಅಜಲು ಎಂಬ ಪದ್ಧತಿಯ ಹೆಸರಿನಲ್ಲಿ ಅವರಿಗೆ ಬೇರೆಯವರ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸ್ತಿದ್ದ ಜಿಲ್ಲೆ ನಮ್ಮದು. ಅದನ್ನು ನಿಷೇಧಿಸಿ ಕಾನೂನು ಬಂದದ್ದು 2000ದಲ್ಲಿ. ಇಲ್ಲಿ ಬರೆಯುವ ನಮ್ಮಲ್ಲಿ ಎಷ್ಟೋ ಜನರದ್ದು ಆಗ ಡಿಗ್ರಿ ಮುಗಿದಾಗಿತ್ತು. ಅಜ್ಜಿಯ ಕಡ್ಲೆಹಿಟ್ಟು ಸಣ್ಣ ವಿಷಯ ಅಂತ ಬಿಡಬೇಡಿ, ಎರಡರ ಬೇರೂ ಒಂದೇ. ಮನೆಯಲ್ಲಿ ಜಾತಿ ಇಟ್ಟುಕೊಂಡು ಹೊರಗೆ ಸಮಾನತೆ ಕೇಳುವುದು ನನಗೆ ಒಪ್ಪಿಗೆ ಇಲ್ಲ.

ಸುರತ್ಕಲ್, ಈಗ ದುಬೈ:
ಮಾರಾಯ್ರೆ, ಒಂದು ಮಗು ನೋವಿನಲ್ಲಿ ಉಂಟು. ಇಲ್ಲಿ ಜಾತಿ ಯಾಕೆ ತರ್ತೀರಿ? ನಾವು ಯಾರಿಗೂ ಹಾಗೆ ಮಾಡಿದವರಲ್ಲ.

ಕಾಪು, ಈಗ ಟೊರೊಂಟೊ:
ಆ ಹುಡುಗಿಯರ ತಂದೆತಾಯಿಯೂ ಶಾಲೆಗೆ ಬಂದು ಇದನ್ನೇ ಹೇಳ್ತಾರೆ.

ಮೂಡುಬಿದಿರೆ, ಈಗ ಮೆಲ್ಬರ್ನ್:
ಟೊರೊಂಟೊದವರು ಸರಿ ಹೇಳಿದರು. ನನ್ನ ಮಗಳ ಮದುವೆ ಮಾತಿನಲ್ಲಿ ಆದದ್ದು ಇನ್ನೂ ಮನಸ್ಸಿನಲ್ಲಿ ಉಂಟು. ಹುಡುಗನ ಮನೆಯವರು ಜಾತಕ ಒಪ್ಪಿದರು, ಮನೆತನ ಒಪ್ಪಿದರು, ಕೊನೆಗೆ "ಫೋಟೋದಲ್ಲಿ ಇಷ್ಟು ಕಪ್ಪು ಕಾಣ್ತಿರಲಿಲ್ಲ" ಅಂದರು. ಅವಳು ಕೇಳುವ ಹಾಗೇ ಅಂದರು. ಇಲ್ಲಿ ಹುಟ್ಟಿ ಬೆಳೆದ ಹುಡುಗಿ, ಊರೆಂದರೆ ಪ್ರಾಣ ಇತ್ತು. ಈಗ ಅವಳು ಮಂಗಳೂರಿಗೆ ಬರುವುದಿಲ್ಲ, ಸ್ವಂತ ಅತ್ತೆಯ ಮಗಳ ಮದುವೆಗೂ ಬರಲಿಲ್ಲ.

ಮಣಿಪಾಲ, ಮೊದಲು ಅಬುಧಾಬಿ:
ವಾಪಸ್ ಬಂದವನಾಗಿ ಹೇಳ್ತೇನೆ. ಅಜ್ಜ ಅಜ್ಜಿ ಹತ್ತಿರ ಇರ್ತಾರೆ, ಮಲ್ಪೆ ಕಡಲು, ಯಕ್ಷಗಾನ, ಸಂಜೆ ಅಂಗಳದಲ್ಲಿ ಆಡ್ಲಿಕ್ಕೆ ಮಕ್ಕಳು, ಎಲ್ಲ ಸಿಗ್ತದೆ. ಆದರೆ ಬಣ್ಣದ ಮಾತು ತಪ್ಪಿಸಲಿಕ್ಕೆ ಅಂತ ಬರಬೇಡಿ. ಮಂಗಳೂರಿನಲ್ಲಿ ನರ್ಸಿಂಗ್ ಓದುವ, ಹೋಟೆಲಿನಲ್ಲಿ ದುಡಿಯುವ ಈಶಾನ್ಯದ ಮಕ್ಕಳನ್ನು ದಾರಿಯಲ್ಲಿ ಏನಂತ ಕರೀತಾರೆ ಅಂತ ನಮಗೆಲ್ಲ ಗೊತ್ತುಂಟು. 2020ರ ಮಾರ್ಚಿನಲ್ಲಿ ದೇಶದಾದ್ಯಂತ ಅವರನ್ನು "ಕೊರೊನಾ" ಅಂತ ಹಂಗಿಸುವುದು ಎಷ್ಟು ಹೆಚ್ಚಿತೆಂದರೆ ಕೇಂದ್ರ ಗೃಹ ಇಲಾಖೆಯೇ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಆಫ್ರಿಕಾದ ಹುಡುಗರಿಗೆ ಬಾಡಿಗೆ ಮನೆ ಹುಡುಕಿಕೊಡಲಿಕ್ಕೆ ನಾನು ಜೊತೆಗೆ ಹೋಗಿದ್ದೆ. ಫೋನಿನಲ್ಲಿ "ಮನೆ ಖಾಲಿ ಉಂಟು" ಅಂದವರು ಮುಖ ನೋಡಿದ ಮೇಲೆ "ನಿನ್ನೆಯೇ ಹೋಯ್ತು" ಅಂದರು. ಯಲ್ಲಾಪುರ, ಹಳಿಯಾಳದ ಸಿದ್ದಿಯರು ಆಫ್ರಿಕಾ ಮೂಲದವರಾದರೂ ತಲೆತಲಾಂತರದಿಂದ ಇಲ್ಲಿಯವರೇ, ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಅವರನ್ನೂ ಬಸ್ಸಿನಲ್ಲಿ "ಯಾವ ದೇಶ" ಅಂತ ಕೇಳುವವರಿದ್ದಾರೆ.

ಬಂಟ್ವಾಳ, ಈಗ ಡಲ್ಲಾಸ್:
ವಾಪಸ್ ಬರುವುದಾದರೆ ಕನ್ನಡ ಈಗಲೇ ಶುರು ಮಾಡಿ. ಕರ್ನಾಟಕದ 2015ರ ಕಾಯ್ದೆ ಪ್ರಕಾರ ಎಲ್ಲ ಶಾಲೆಯಲ್ಲೂ ಕನ್ನಡ ಒಂದು ಭಾಷೆಯಾಗಿ ಇರಲೇಬೇಕು. ಮತ್ತೆ ಒಸಿಐ, ಅಂದರೆ ವಿದೇಶಿ ಪೌರತ್ವ ಇರುವ ಭಾರತ ಮೂಲದವರ ಕಾರ್ಡಿನ ವಿಷಯ: 2021ರ ಮಾರ್ಚ್ ಅಧಿಸೂಚನೆಯ ನಂತರ ಕಾರ್ಡ್ ಮಾಡಿಸಿದ ಮಕ್ಕಳಿಗೆ ನೀಟ್‌ನಲ್ಲಿ ಅನಿವಾಸಿ ಸೀಟು ಮಾತ್ರ. ಡಾಕ್ಟರ್ ಮಾಡುವ ಆಸೆ ಇದ್ದರೆ ಇದನ್ನು ಮೊದಲೇ ನೋಡಿಕೊಳ್ಳಿ.

ಸುರತ್ಕಲ್, ಈಗ ದುಬೈ:
ಮಣಿಪಾಲದವರು ಊರನ್ನು ಇಷ್ಟು ಕೆಟ್ಟದಾಗಿ ತೋರಿಸುವುದು ಸರಿಯಲ್ಲ. ಕುದ್ಮುಲ್ ರಂಗರಾಯರೂ ನಮ್ಮ ಊರಿನವರೇ ಅಲ್ವಾ?

ಕಾಪು, ಈಗ ಟೊರೊಂಟೊ:
ಹೌದು, ನಮ್ಮವರೇ. 1897ರಲ್ಲಿ ಮಂಗಳೂರಿನಲ್ಲಿ ದಲಿತರಿಗಾಗಿ ಮಿಷನ್ ಕಟ್ಟಿದವರು. ತಾನು ಓದಿಸಿದ ಮಕ್ಕಳು ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅಂತ ಬಯಸಿದ ಮನುಷ್ಯ. ಅವರ ಸ್ವಂತ ಜಾತಿಯವರೇ ಅವರನ್ನು ಹೊರಗಿಟ್ಟರು. ಹೆಸರು ಹೇಳಿ ಹೆಮ್ಮೆ ಪಡುವವರು ಆ ಬಹಿಷ್ಕಾರವನ್ನೂ ನೆನಪಿಡಬೇಕು.

ಬಜಪೆ, ಈಗ ಬ್ರಿಸ್ಟಲ್:
ನಾನು ಬೇರೆ ಒಂದು ಹೇಳಬೇಕು. ನಮ್ಮ ಮನೆಗಳಲ್ಲಿ ಮಕ್ಕಳಿಗೆ "ಕರಿಯರ ಜೊತೆ ಸೇರಬೇಡ" ಅಂತ ಹೇಳುವುದನ್ನು ಕೇಳಿ ನನಗೆ ಸಂಕಟ ಆಗ್ತದೆ. ನಾನಿರುವ ಬ್ರಿಸ್ಟಲ್ಲಿನ ಬಸ್ ಕಂಪನಿ ಬಿಳಿಯರಲ್ಲದವರಿಗೆ ಕಂಡಕ್ಟರ್ ಕೆಲಸ ಕೊಡ್ತಿರಲಿಲ್ಲ. 1963ರಲ್ಲಿ ಕರಿಯ ಹೋರಾಟಗಾರ ಪಾಲ್ ಸ್ಟೀಫನ್ಸನ್ ಮತ್ತು ಕೆರಿಬಿಯನ್ ಜನ ಬಸ್ ಹತ್ತುವುದನ್ನೇ ನಿಲ್ಲಿಸಿ ಆ ನಿಯಮ ಮುರಿದರು. ಆಮೇಲೆ ಮೊದಲು ಕೆಲಸಕ್ಕೆ ಸೇರಿದವರು ರಘಬೀರ್ ಸಿಂಗ್, ನಮ್ಮ ದೇಶದ ಸಿಖ್ಖರು. ಜನಾಂಗ ಭೇದದ ವಿರುದ್ಧ ಬ್ರಿಟನ್ನಿನ ಮೊದಲ ಕಾನೂನು ಬಂದದ್ದು 1965ರಲ್ಲಿ. ಅವರ ಹೋರಾಟದ ಫಲವನ್ನು ನಾವು ಉಣ್ತಾ ಇದ್ದೇವೆ. ಲೆಸ್ಟರಿನ ಅಕ್ಕ, ನಿಮ್ಮ ಊರಿನದೂ ಒಂದು ಕಥೆ ಉಂಟು. 1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿಯ ಏಷ್ಯನ್ನರನ್ನು ಓಡಿಸಿದಾಗ, ಲೆಸ್ಟರ್ ನಗರಸಭೆ ಉಗಾಂಡದ ಪತ್ರಿಕೆಯಲ್ಲಿ "ಇಲ್ಲಿಗೆ ಬರಬೇಡಿ" ಅಂತ ಜಾಹೀರಾತು ಕೊಟ್ಟಿತ್ತು. ಸಾವಿರಾರು ಜನ ಆದರೂ ಬಂದರು, ಅಂಗಡಿ ಇಟ್ಟರು, ಇಂದು ಅದೇ ನಗರ ದೀಪಾವಳಿಗೆ ಬೀದಿ ತುಂಬ ದೀಪ ಹಚ್ಚುತ್ತದೆ. ಮಗಳನ್ನು ಆ ದೀಪ ಹಚ್ಚುವ ಬೆಲ್‌ಗ್ರೇವ್ ರೋಡಿಗೆ ಕರೆದುಕೊಂಡು ಹೋಗಿ ಇದನ್ನೆಲ್ಲ ಹೇಳಿ.

ಮೂಡುಬಿದಿರೆ, ಈಗ ಮೆಲ್ಬರ್ನ್:
ಹಾಗಾದರೆ ಜಾತಿ ಹೋಗದೆ ಬಣ್ಣದ ಭೇದ ಹೋಗುವುದಿಲ್ಲ ಅಂತ ಅರ್ಥವಾ? ನಮ್ಮ ಇಲ್ಲಿಯ ಸಂಘದಲ್ಲಿ ಇನ್ನೂ ಊಟದ ಪಂಕ್ತಿಯ ಜಗಳ ಮುಗಿದಿಲ್ಲ.

(ಇದಕ್ಕೆ ಬಂದ ಉತ್ತರಗಳೆಲ್ಲ ಸಂಘ, ಪಂಕ್ತಿ, ಮಠದ ಬಗ್ಗೆ.)

ಕಟಪಾಡಿ, ಈಗ ಲೆಸ್ಟರ್:
ಎಲ್ಲವನ್ನೂ ಓದಿದೆ. ಅತ್ತೆಯ ಹತ್ತಿರ ಯಜಮಾನರೇ ಮಾತಾಡಿದರು. ಅವರಿಗೆ ಸಿಟ್ಟು ಬಂದಿದೆ, "ಒಳ್ಳೆಯದಕ್ಕೆ ಹೇಳಿದರೂ ತಪ್ಪಾ" ಅಂತ ಕೇಳ್ತಾರೆ. ಈಗ ನನಗೆ ಬೇಕಾದ್ದು ಒಂದೇ ಉತ್ತರ. ಬರೆದು ದೂರು ಕೊಟ್ಟರೆ ಮಗಳನ್ನು ಉಳಿದ ಮಕ್ಕಳು ಇನ್ನೂ ದೂರ ಇಡುವುದಿಲ್ಲವಾ? ಬರ್ಮಿಂಗ್‌ಹ್ಯಾಮಿನ ಟೀಚರ್ ಇದ್ದೀರಾ?

ಪುತ್ತೂರು, ಈಗ ಬರ್ಮಿಂಗ್‌ಹ್ಯಾಮ್:
ಇದ್ದೇನೆ. ಹಾಗೆ ಆಗ್ಬಾರದು ಅಂತಲೇ ಇಮೇಲಿನಲ್ಲಿ ಎರಡು ಸಾಲು ಸೇರಿಸಿ. ಇಡೀ ಕ್ಲಾಸಿನ ಎದುರು ಮಗಳ ಹೆಸರು ಎತ್ತಬಾರದು, ಅವಳನ್ನು ನಿಲ್ಲಿಸಿ ಆ ಹುಡುಗಿಯರಿಂದ ಸಾರಿ ಹೇಳಿಸಬಾರದು. ಅವಳಿಗೆ ನಂಬಿಕೆ ಇರುವ ಒಬ್ಬ ದೊಡ್ಡವರ ಹೆಸರು ಅವಳಿಂದಲೇ ಕೇಳಿ ಬರೆಯಿರಿ, ಊಟದ ಹೊತ್ತಿಗೆ ಅವರ ಹತ್ತಿರ ಹೋಗಲಿಕ್ಕೆ ಅವಕಾಶ ಇರಲಿ. ಅವಳಿಗೆ ಗೆಳತಿಯರು ಇದ್ದಾರಲ್ಲ, ಅವರನ್ನು ಶನಿವಾರ ಮನೆಗೆ ಕರೆಯಿರಿ. ಕರಡು ಬರೆದು ನನಗೆ ಖಾಸಗಿಯಾಗಿ ಕಳಿಸಿ, ಇವತ್ತು ರಾತ್ರಿಯೇ ನೋಡಿಕೊಡ್ತೇನೆ.